ಸ್ಟೇರಿಂಗ್ ಕಲಿಯುವ ದುಡ್ಡು



ದತ್ತಿ ಉಪನ್ಯಾಸಕ್ಕೆ ವಚನಕಾರರ ಮೇಲೋ ದಾಸರ ಮೇಲೋ ಮಾತಾಡಬಲ್ಲವರನ್ನು ಕರೆಯುವುದು ರೂಢಿ. ನೀವು ಜನರ ಬಾಯಲ್ಲಿ ‘ಬ್ರೇಕ್ ಇನ್ಸ್‌ಪೆಕ್ಟರ್’ ಅನ್ನಿಸಿಕೊಂಡು ನಿವೃತ್ತನಾದವನನ್ನು ಕರೆದಿದ್ದೀರಿ. ನನ್ನ ಸರ್ವಿಸಿನಲ್ಲಿ ಎಷ್ಟೋ ಸಾವಿರ ಜನರ ಪಕ್ಕದಲ್ಲಿ ಕೂತು ಅವರು ಗಾಡಿ ಓಡಿಸುವುದನ್ನು ನೋಡಿದ್ದೇನೆ. ಭಾಷಣ ಮಾಡಿದ್ದು ಕಡಿಮೆ. ಹೇಳುವುದು ಅಡ್ಡಾದಿಡ್ಡಿಯಾದರೆ ಸಹಿಸಿಕೊಳ್ಳಿ.

ಈ ದತ್ತಿ ಇಟ್ಟಿರುವ ಅಣ್ಣತಮ್ಮಂದಿರ ತಂದೆ ಲಾರಿ ಚಾಲಕರಾಗಿದ್ದರು. ಅವರ ಹೆಸರಿನಲ್ಲಿ ಮಾತಾಡಬೇಕಾದವನು ಅವರ ಬದುಕಿನಿಂದಲೇ ಶುರುಮಾಡುವುದು ಒಳ್ಳೆಯದೆಂದು ಮಕ್ಕಳನ್ನು ಕೇಳಿದೆ, ‘ನಿಮ್ಮ ತಂದೆ ಡ್ರೈವಿಂಗ್ ಎಲ್ಲಿ ಕಲಿತರು?’ ದೊಡ್ಡವರು ನಕ್ಕರು. ‘ಎಲ್ಲಿ ಅಂದ್ರೆ? ಲಾರೀಲೇ.’

ಹದಿನಾಲ್ಕನೇ ವಯಸ್ಸಿಗೆ ಕ್ಲೀನರ್ ಆಗಿ ಹತ್ತಿದ್ದರಂತೆ. ಮೊದಲ ಎರಡು ವರ್ಷ ಗಾಜು ಒರೆಸುವುದು, ಟಾರ್ಪಾಲು ಕಟ್ಟುವುದು, ಏರಿನಲ್ಲಿ ಗಾಡಿ ನಿಂತರೆ ಓಡಿಹೋಗಿ ಚಕ್ರಕ್ಕೆ ಕಲ್ಲು ಇಡುವುದು, ರಿವರ್ಸ್ ತೆಗೆಯುವಾಗ ಹಿಂದೆ ನಿಂತು ‘ಬರ್ಲಿ, ಬರ್ಲಿ, ಹೋಲ್ಡಾನ್’ ಎಂದು ಕೂಗುವುದು, ಇಷ್ಟೇ ಕೆಲಸ. ಮೂರನೇ ವರ್ಷ ಸ್ಟೆಪ್ನಿ ಬಿಚ್ಚಿ ಹಾಕುವುದು ಕೈಗೆ ಹತ್ತಿತು. ಆಮೇಲೆ ಒಂದು ರಾತ್ರಿ, ಮಂಡಿಯ ಮುಂದೆ ಸಾಲಾಗಿ ಲಾರಿಗಳು ಅನ್‌ಲೋಡಿಗೆ ಕಾಯುತ್ತಿದ್ದಾಗ, ಉಸ್ತಾದ್ ನಿದ್ದೆಗಣ್ಣಿನಲ್ಲೇ ‘ಮುಂದಿನ ಗಾಡಿ ಸರೀತು, ನೀನೇ ಒಂದು ಲಾರಿ ಉದ್ದ ಮುಂದಕ್ಕೆ ತಗೊ’ ಅಂದನಂತೆ. ಅವರ ಮೊದಲ ಪಾಠ ಮೂವತ್ತು ಅಡಿ. ಹಾಗೆ ಮೂವತ್ತು ಮೂವತ್ತು ಅಡಿ ಸೇರಿಸಿ, ಆರು ವರ್ಷವಾದ ಮೇಲೆ ಲೈಸೆನ್ಸು.

ಅವರು ಫೀಸು ಕಟ್ಟಲಿಲ್ಲ ಅಂತ ಮಕ್ಕಳು ಹೆಮ್ಮೆಯಿಂದ ಹೇಳಿದರು. ನಾನು ಒಪ್ಪಲಿಲ್ಲ. ಬಾಟಾದ ಚಿಲ್ಲರೆ ಬಿಟ್ಟರೆ ಸಂಬಳವೇ ಇಲ್ಲದ ಆ ಆರು ವರ್ಷದ ದುಡಿಮೆಯೇ ಫೀಸು. ಒಬ್ಬ ಹುಡುಗನ ಹದಿನಾಲ್ಕರಿಂದ ಇಪ್ಪತ್ತರವರೆಗಿನ ವಯಸ್ಸು ಅದು. ಯಾವ ಡ್ರೈವಿಂಗ್ ಸ್ಕೂಲೂ ಅಷ್ಟು ದುಬಾರಿ ಫೀಸು ಕೇಳಿದ್ದಿಲ್ಲ.

ಆ ದಾರಿ ಈಗ ಮುಚ್ಚುತ್ತ ಬಂದಿದೆ. ಡೀಸೆಲ್ ಏರಿತು, ಬಾಡಿಗೆ ದರ ಅದಕ್ಕೆ ತಕ್ಕಂತೆ ಏರಲಿಲ್ಲ. ಮಾಲೀಕರು ಕ್ಲೀನರ್ ಖರ್ಚು ಉಳಿಸಿ ಒಬ್ಬನೇ ಡ್ರೈವರ್‌ನನ್ನು ಕಳಿಸುತ್ತಾರೆ. ಮಕ್ಕಳು ಲಾರಿ ಹತ್ತುವುದು ನಿಂತದ್ದಕ್ಕೆ ನನಗೆ ದುಃಖವಿಲ್ಲ, ಅವರು ಶಾಲೆಯಲ್ಲಿರಬೇಕಾದವರು. ಆದರೆ ಬಡವರ ಮನೆಯ ಹುಡುಗನಿಗೆ ಕಾಸಿಲ್ಲದೆ ಕಸುಬು ಕಲಿಯಲು ಇದ್ದ ಒಂದು ದಾರಿ ಮುಚ್ಚಿದಾಗ ಅದರ ಬದಲಿಗೆ ಏನು ತೆರೆದಿದ್ದೇವೆ? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲಿನದು.

ಮೊದಲು ಲೆಕ್ಕ ನೋಡೋಣ. ಲೈಸೆನ್ಸಿನ ಸರ್ಕಾರಿ ಫೀಸು ದೊಡ್ಡದಲ್ಲ. ಕೇಂದ್ರದ ನಿಯಮದ ಪ್ರಕಾರ ಕಲಿಕಾ ಲೈಸೆನ್ಸು, ಅಂದರೆ ಎಲ್‌ಎಲ್‌ಗೆ 150 ರೂಪಾಯಿ, ಡ್ರೈವಿಂಗ್ ಟೆಸ್ಟಿಗೆ 300, ಕಾಯಂ ಲೈಸೆನ್ಸು, ಅಂದರೆ ಡಿಎಲ್‌ಗೆ 200. ಕಾರ್ಡು, ಸೇವಾಶುಲ್ಕ ಅಂತ ಸೇರಿ ಸಾವಿರದ ಆಸುಪಾಸಿಗೆ ಬರುತ್ತದೆ. ಖರ್ಚು ಇರುವುದು ಕಲಿಯುವುದರಲ್ಲಿ. ನಮ್ಮ ರಾಜ್ಯದಲ್ಲಿ ಡ್ರೈವಿಂಗ್ ಸ್ಕೂಲುಗಳ ಫೀಸನ್ನು 2024ರ ಜನವರಿಯಿಂದ ಏರಿಸಿದರು. ಕಾರಿಗೆ 4,000 ಇದ್ದದ್ದು 7,000 ಆಯಿತು, ಸಾರಿಗೆ ವಾಹನಕ್ಕೆ 9,000. ಸ್ಕೂಲಿನವರನ್ನು ನಾನು ಬೈಯುವುದಿಲ್ಲ. ಹತ್ತು ವರ್ಷದ ಹಿಂದಿನ ಫೀಸಿನಲ್ಲಿ ಇವತ್ತಿನ ಪೆಟ್ರೋಲು ಹಾಕಿ ಯಾರೂ ಕಲಿಸಲಾರರು. ಆದರೆ ಕಟ್ಟುವವರ ಕಡೆಯಿಂದಲೂ ನೋಡಬೇಕಲ್ಲ. 2024-25ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ಕರ್ನಾಟಕದಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಏಳು ಸಾವಿರವೆಂದರೆ ಇಪ್ಪತ್ತು ದಿನ ಗುಂಡಿ ತೋಡಿದ ದುಡ್ಡು. ಆ ಇಪ್ಪತ್ತು ದಿನ ಮನೆಯಲ್ಲಿ ಯಾರೂ ಊಟ ಮಾಡಬಾರದು.

ಇದು ಕಾರಿಗೆ ಮಾತ್ರ. ಬಸ್ಸು, ಲಾರಿ ಓಡಿಸಬೇಕೆನ್ನುವವನಿಗೆ ಕಾನೂನು ಇನ್ನೊಂದು ಮೆಟ್ಟಿಲು ಇಟ್ಟಿದೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಹದಿನೆಂಟಕ್ಕೆ ಲಘು ವಾಹನದ ಲೈಸೆನ್ಸು ಸಿಗುತ್ತದೆ, ಸಾರಿಗೆ ವಾಹನಕ್ಕೆ ಇಪ್ಪತ್ತು ತುಂಬಿರಬೇಕು. ಲಘು ವಾಹನದ ಲೈಸೆನ್ಸು ಕೈಗೆ ಬಂದು ಒಂದು ವರ್ಷವಾಗದೆ ಸಾರಿಗೆ ವಾಹನದ ಎಲ್‌ಎಲ್ ಕೂಡ ಕೊಡುವಂತಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಇದು ಸರಿ, ಬದಲಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಹುಡುಗನೊಬ್ಬ ಒಂದು ಸಲ ಏಳು ಸಾವಿರ ಹೊಂದಿಸಿ, ವರ್ಷ ಕಾದು, ಮತ್ತೊಂದು ಸಲ ಒಂಬತ್ತು ಸಾವಿರ ಹೊಂದಿಸಬೇಕು. ಆ ನಡುವಿನ ವರ್ಷದಲ್ಲಿ ಎಷ್ಟೋ ಹುಡುಗರು ಗಾರ್ಮೆಂಟ್ಸಿಗೋ ಡೆಲಿವರಿಗೋ ಸೇರಿ ಈ ಕಡೆ ತಿರುಗಿ ನೋಡುವುದಿಲ್ಲ.

ಒಂದು ಮೆಟ್ಟಿಲನ್ನು ಮಾತ್ರ ಕಿತ್ತು ಹಾಕಿದರು, ಅದನ್ನೂ ಹೇಳಬೇಕು. ಸಾರಿಗೆ ವಾಹನ ಓಡಿಸಲು ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮ ಇತ್ತು. 2019ರಲ್ಲಿ ಅದನ್ನು ತೆಗೆದರು. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಗೊಣಗಿದರು. ನಾನು ಗೊಣಗಲಿಲ್ಲ. ಎಂಟನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಹಿಡಿದು ಬಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರನ್ನೂ ನೋಡಿದ್ದೇನೆ, ಹೆಬ್ಬೆಟ್ಟು ಒತ್ತುವ ಕೈಯಲ್ಲಿ ಹದಿನಾರು ಚಕ್ರದ ಗಾಡಿಯನ್ನು ನೂಲಿನಂತೆ ರಿವರ್ಸ್ ತೆಗೆಯುವವರನ್ನೂ ನೋಡಿದ್ದೇನೆ.

ಹಾಗಾದರೆ ಸರ್ಕಾರ ಸಹಾಯ ಮಾಡುತ್ತಿಲ್ಲವೇ? ಮಾಡುತ್ತಿದೆ, ಅದೂ ಸಣ್ಣ ಮೊತ್ತವಲ್ಲ. ಅಂಬೇಡ್ಕರ್ ಅಭಿವೃದ್ಧಿ ನಿಗಮದಿಂದ ‘ಐರಾವತ’ ಯೋಜನೆ ಬಂತು. ಪರಿಶಿಷ್ಟ ಜಾತಿ, ಪಂಗಡದ ಯುವಕರಿಗೆ ಟ್ಯಾಕ್ಸಿ ಕೊಳ್ಳಲು ಐದು ಲಕ್ಷದವರೆಗೆ ಸಹಾಯಧನ. 2023-24ರಿಂದ ‘ಸ್ವಾವಲಂಬಿ ಸಾರಥಿ’. ಅದರಲ್ಲಿ ವಾಹನದ ಬೆಲೆಯ ಶೇ. 75, ಗರಿಷ್ಠ ನಾಲ್ಕು ಲಕ್ಷ, ಪರಿಶಿಷ್ಟರಿಗೆ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರಿಗೆ ಶೇ. 50, ಗರಿಷ್ಠ ಮೂರು ಲಕ್ಷ. ಇವು ಒಳ್ಳೆಯ ಯೋಜನೆಗಳು. ಬೇರೆಯವರ ಗಾಡಿಯನ್ನು ದಿನಬಾಡಿಗೆಗೆ ಓಡಿಸುತ್ತಿದ್ದವರು ಸ್ವಂತ ಗಾಡಿಯ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚುವುದನ್ನು ಕಣ್ಣಾರೆ ನೋಡಿದ್ದೇನೆ, ಅದರ ಬಗ್ಗೆ ಹಗುರವಾಗಿ ಮಾತಾಡಲಾರೆ.

ಆದರೆ ಅರ್ಜಿ ಹಾಕುವವನ ಕೈಯಲ್ಲಿ ಆಗಲೇ ಡಿಎಲ್ ಇರಬೇಕು. ಅಂದರೆ ನಾಲ್ಕು ಲಕ್ಷದ ಬಾಗಿಲಿಗೆ ಏಳು ಸಾವಿರದ ಬೀಗ. ಬಡವರಲ್ಲೂ ಸ್ವಲ್ಪ ಅನುಕೂಲಸ್ಥನಾದವನು, ಯಾರದೋ ಮನೆಯಲ್ಲಿ ಕಾರು ಓಡಿಸಿ ಕೈ ಪಳಗಿಸಿಕೊಂಡವನು ಒಳಗೆ ಹೋಗುತ್ತಾನೆ. ಕಾರಿನ ಬಾಗಿಲನ್ನೇ ತೆಗೆದು ನೋಡದವನು ಹೊರಗೆ ನಿಲ್ಲುತ್ತಾನೆ. ಗಾಡಿಗೆ ಲಕ್ಷದಲ್ಲಿ ಕೊಡುವ ಸರ್ಕಾರ ಅದನ್ನು ಓಡಿಸುವ ಕೈಗೆ ಸಾವಿರದಲ್ಲಿ ಕೊಡಲು ಯಾಕೆ ಹಿಂಜರಿಯುತ್ತದೆ? ನನಗೆ ಹೊಳೆಯುವ ಕಾರಣ ಒಂದು. ಗಾಡಿಯನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಬೀಗದ ಕೈ ಹಸ್ತಾಂತರಿಸಬಹುದು, ಫೋಟೋ ತೆಗೆಯಬಹುದು. ಒಬ್ಬಳು ಹುಡುಗಿ ಹಾಫ್ ಕ್ಲಚ್ ಕಲಿತದ್ದನ್ನು ಹಸ್ತಾಂತರಿಸುವುದು ಹೇಗೆ?

ಸುಪ್ರೀಂ ಕೋರ್ಟು ಈ ಹಾದಿಯನ್ನು ಒಂದು ಕಡೆ ಸುಗಮ ಮಾಡಿದೆ. 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ, ಆಮೇಲೆ 2024ರ ನವೆಂಬರಿನಲ್ಲಿ ಸಂವಿಧಾನ ಪೀಠದಿಂದ ಮತ್ತೊಮ್ಮೆ, 7,500 ಕಿಲೋ ಒಳಗಿನ ಸಾರಿಗೆ ವಾಹನ ಓಡಿಸಲು ಲಘು ವಾಹನದ ಲೈಸೆನ್ಸೇ ಸಾಕು ಎಂದಾಯಿತು. ಟ್ಯಾಕ್ಸಿ, ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಳ್ಳುವವರಿಗೆ ಸಾರಿಗೆ ಚಾಲಕರ ಬ್ಯಾಡ್ಜಿನ ಖರ್ಚು, ಓಡಾಟ ತಪ್ಪಿತು. ಆದ್ದರಿಂದ ಈಗ ಉಳಿದಿರುವುದು ಆ ಮೊದಲ ಏಳು ಸಾವಿರವೇ.

ಕಲಿಸುವುದಕ್ಕೇ ದುಡ್ಡು ಕೊಟ್ಟ ಉದಾಹರಣೆ ನಮ್ಮಲ್ಲಿ ಇಲ್ಲದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಯುವಜನರಿಗೆ ಕೆಎಸ್‌ಆರ್‌ಟಿಸಿಯ ತರಬೇತಿ ಕೇಂದ್ರಗಳಲ್ಲಿ ಸರ್ಕಾರದ ಹಣದಿಂದ ವಸತಿ ಸಹಿತ ಭಾರಿ ವಾಹನ ಚಾಲನೆ ಕಲಿಸಿದ್ದಾರೆ. ಹಾಗೆ ಕಲಿತು ಬಂದವರನ್ನು ಟ್ರ್ಯಾಕಿನಲ್ಲಿ ಗುರುತು ಹಿಡಿಯುವುದು ನನಗೆ ಸುಲಭವಿತ್ತು. ಹತ್ತುವ ಮುಂಚೆ ಗಾಡಿಯನ್ನು ಒಂದು ಸುತ್ತು ಹಾಕುತ್ತಾರೆ, ಟೈರು ಮುಟ್ಟಿ ನೋಡುತ್ತಾರೆ, ಆಮೇಲೆ ಸೀಟು ಸರಿಮಾಡಿಕೊಂಡು ಕನ್ನಡಿ ತಿರುಗಿಸುತ್ತಾರೆ. ಬಸ್ಸು ಬಸ್ಸಿನವರಿಂದಲೇ ಕಲಿತರೆ ಹಾಗೆ. ಇಂಥ ತರಬೇತಿ ಯಾವಾಗಲೋ ಒಂದು ಬ್ಯಾಚಿಗೆ ಆಗದೆ, ವರ್ಷವೂ ಕಾಲೇಜು ಅಡ್ಮಿಶನ್ನಿನಂತೆ ನಿಗದಿಯಾಗಿ ನಡೆಯಬೇಕು ಎನ್ನುವುದು ನನ್ನ ಆಸೆ.

ಕೇಂದ್ರದ ಕೌಶಲ ಯೋಜನೆಯಲ್ಲೂ ಚಾಲಕರ ಕೋರ್ಸು ಇದೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಅನುದಾನ ಎಲ್ಲಿ ಸೋರುತ್ತದೆ ಎನ್ನುವುದು ಇಲ್ಲಿ ಕಾಣುತ್ತದೆ. 2015ರಲ್ಲಿ ಕೇಂದ್ರ ಸರ್ಕಾರ ಎಲ್ಲ ಕೌಶಲ ತರಬೇತಿಗೂ ಒಂದು ದರಪಟ್ಟಿ ಮಾಡಿತು. ಕಲಿಯುವ ಒಬ್ಬರಿಗೆ ಗಂಟೆಗೆ 38 ರೂಪಾಯಿ 50 ಪೈಸೆ. ಅದೇ ಮೇಲಿನ ದರ, ಅದರ ಕೆಳಗೆ 33, 27.50 ಎಂದು ಇನ್ನೆರಡು. ಆಮೇಲೆ ದರ ಏರಿಸಿದರು, ಆದರೆ ಲೆಕ್ಕದ ಧಾಟಿ ಅದೇ. ಟೈಲರಿಂಗ್, ಕಂಪ್ಯೂಟರ್ ಇವಕ್ಕೆ ಈ ಲೆಕ್ಕ ಹೊಂದುತ್ತದೆ. ಮೂವತ್ತು ಜನರನ್ನು ಕೂರಿಸಿದರೆ ಗಂಟೆಗೆ ಸಾವಿರದ ನೂರರ ಮೇಲೆ ಬರುತ್ತದೆ, ಮೇಷ್ಟರ ಸಂಬಳ, ಕಟ್ಟಡದ ಬಾಡಿಗೆ ಗಿಟ್ಟುತ್ತದೆ.

ಸ್ಟೇರಿಂಗ್ ಒಂದೇ ಇರುವುದು. ಅದನ್ನು ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದು. 38.50ಕ್ಕೆ ಒಂದು ಲೀಟರ್ ಡೀಸೆಲ್ ಕೂಡ ಬರುವುದಿಲ್ಲ, ಖಾಲಿ ಲಾರಿಯೂ ಲೀಟರಿಗೆ ಐದಾರು ಕಿಲೋಮೀಟರ್ ಕೊಟ್ಟರೆ ಅದೇ ಹೆಚ್ಚು. ಹೀಗಿರುವಾಗ ತರಬೇತಿ ಕೇಂದ್ರದವನು ಏನು ಮಾಡಿಯಾನು? ಮೂವತ್ತು ಜನರನ್ನು ಕೋಣೆಯಲ್ಲಿ ಕೂರಿಸಿ ಸಿಗ್ನಲ್ಲಿನ ಚಿತ್ರ ತೋರಿಸುತ್ತಾನೆ. ಎಂಜಿನ್ನಿನ ಭಾಗಗಳನ್ನು ಬೋರ್ಡಿನಲ್ಲಿ ಬರೆಸುತ್ತಾನೆ. ಗಾಡಿ ಹೊರಗೆ ತೆಗೆದಾಗ ಒಬ್ಬ ಓಡಿಸುತ್ತಾನೆ, ಉಳಿದವರು ಹಿಂದೆ ಕೂತು ನೋಡುತ್ತಾರೆ. ಹಾಜರಿ ಪುಸ್ತಕದಲ್ಲಿ ಎಲ್ಲರಿಗೂ ಒಂದು ಗಂಟೆ. ಇದರಲ್ಲಿ ಕಳ್ಳತನ ಇಲ್ಲದಿರಬಹುದು. ತರಗತಿಯ ಅಳತೆಯ ಅಂಗಿಯನ್ನು ರಸ್ತೆಗೆ ತೊಡಿಸಿದರೆ ಆಗುವುದೇ ಹೀಗೆ.

ಕಾನೂನಿನ ಅಳತೆಯೇ ಸಣ್ಣದು, ಅದನ್ನೂ ನೋಡಿ. 1989ರ ಕೇಂದ್ರ ನಿಯಮಗಳ ಪ್ರಕಾರ ಡ್ರೈವಿಂಗ್ ಸ್ಕೂಲಿನಲ್ಲಿ ಖಾಸಗಿ ಕಾರಿಗೆ 21 ದಿನ, ಅದರಲ್ಲಿ ನಿಜವಾಗಿ ಓಡಿಸುವುದು 10 ಗಂಟೆ. ಸಾರಿಗೆ ವಾಹನಕ್ಕೆ 30 ದಿನ, 15 ಗಂಟೆ. 2021ರ ಜುಲೈಯಿಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳೆಂಬ ಹೊಸ ವ್ಯವಸ್ಥೆ ಬಂತು. ಅಲ್ಲಿ ಲಘು ವಾಹನಕ್ಕೆ ಪಾಠವೂ ಸೇರಿ 29 ಗಂಟೆ, ಭಾರಿ ವಾಹನಕ್ಕೆ 38 ಗಂಟೆ. ಅಲ್ಲಿ ಪಾಸಾದವರಿಗೆ ಆರ್‌ಟಿಒ ಟೆಸ್ಟಿನಿಂದ ವಿನಾಯಿತಿ. ಕಾಗದದ ಮೇಲೆ ಇದು ಮುಂದಿನ ಹೆಜ್ಜೆ. ಆದರೆ ಎಕರೆಗಟ್ಟಲೆ ಜಾಗ, ಸಿಮ್ಯುಲೇಟರು, ಟ್ರ್ಯಾಕು ಎಂದು ಬಂಡವಾಳ ಹೂಡಿದವನು ಫೀಸನ್ನು ಅದಕ್ಕೆ ತಕ್ಕಂತೆ ಇಡುತ್ತಾನೆ. ಸರ್ಕಾರದ ಕೋಟಿಗಳು ಇಂಥ ಕೇಂದ್ರ ಕಟ್ಟುವುದಕ್ಕೆ ಹೋಗುತ್ತವೆ, ಅದರ ಗೇಟಿನೊಳಗೆ ಬರುವವನ ಜೇಬಿಗೆ ಬರುವುದು ಅಪರೂಪ. ಅಸಂಘಟಿತ ವಲಯದ ಭಾರಿ ವಾಹನ ಚಾಲಕರಿಗೆ ಎರಡು ದಿನದ ರಿಫ್ರೆಶರ್ ತರಬೇತಿಗೆ ಕೇಂದ್ರ ದುಡ್ಡು ಕೊಡುತ್ತ ಬಂದಿದೆ. ಆಗಲೇ ಡ್ರೈವರ್ ಆದವರಿಗೆ ಅದು, ಆಗಬೇಕಾದವರಿಗಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಭಾರಿ ವಾಹನದ ಅರ್ಜಿಯ ಜೊತೆ ಫಾರಂ 5 ಇರಬೇಕು. ‘ಇವರು ನಮ್ಮಲ್ಲಿ ಇಷ್ಟು ದಿನ ಕಲಿತಿದ್ದಾರೆ’ ಎಂದು ಸ್ಕೂಲಿನವರು ಕೊಡುವ ಸರ್ಟಿಫಿಕೇಟು. ಟೆಸ್ಟಿಗೆ ಬಂದ ಹುಡುಗನ ಕಣ್ಣು ಗೇರು ಹಾಕುವಾಗ ರಸ್ತೆ ಬಿಟ್ಟು ಗೇರ್ ರಾಡಿನ ಮೇಲೆ ಹೋಗುತ್ತಿದೆ ಎಂದರೆ ಅವನು ಹದಿನೈದು ಗಂಟೆ ಓಡಿಸಿಲ್ಲ ಎಂದು ಯಾವ ಇನ್ಸ್‌ಪೆಕ್ಟರಿಗಾದರೂ ಗೊತ್ತು. ನನಗೂ ಗೊತ್ತಿತ್ತು. ಫೇಲ್ ಮಾಡುತ್ತಿದ್ದೆ, ಆದರೆ ಆ ಸರ್ಟಿಫಿಕೇಟನ್ನು ಪ್ರಶ್ನಿಸಿ ಒಂದು ಪತ್ರ ಬರೆದದ್ದು ಸರ್ವಿಸಿನಲ್ಲೇ ನಾಲ್ಕೈದು ಸಲ. ದಿನಕ್ಕೆ ಅಷ್ಟು ಜನ ಸಾಲಿನಲ್ಲಿ ನಿಂತಿರುವಾಗ ಪತ್ರ ಯಾರು ಬರೆಯುತ್ತಾರೆ ಎನ್ನುವುದು ನನ್ನ ಸಮಾಧಾನವಾಗಿತ್ತು. ಅದು ಸಮಾಧಾನವೇ ಹೊರತು ಕಾರಣವಲ್ಲ.

ಈಗ ಸ್ವಲ್ಪ ದೂರ ಹೋಗಿ ಬರೋಣ. ಹದಿಹರೆಯದವರಿಗೆ ಶಾಲೆಯಲ್ಲೇ ಡ್ರೈವಿಂಗ್ ಕಲಿಸುವುದನ್ನು ಅಮೆರಿಕದವರು ಬಹಳ ಹಿಂದೆಯೇ ಶುರುಮಾಡಿದರು. ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಎಂಬ ಊರಿನ ಹೈಸ್ಕೂಲಿನಲ್ಲಿ 1930ರ ದಶಕದ ಮೊದಲ ವರ್ಷಗಳಲ್ಲಿ ಏಮಸ್ ನೇಹಾರ್ಟ್ ಎಂಬ ಮೇಷ್ಟರು ತಮ್ಮ ಸ್ವಂತ ಕಾರನ್ನೇ ತಂದು ಮಕ್ಕಳಿಗೆ ಕಲಿಸಿದರು. 1966ರ ಹೆದ್ದಾರಿ ಸುರಕ್ಷತಾ ಕಾಯ್ದೆ ಬಂದ ಮೇಲೆ ಕೇಂದ್ರದ ದುಡ್ಡೂ ಹರಿಯಿತು. ಹಳ್ಳಿಹಳ್ಳಿಯ ಶಾಲೆಯಲ್ಲೂ ಡ್ರೈವಿಂಗ್ ಒಂದು ವಿಷಯವಾಯಿತು.

ಆಮೇಲೆ ಅವರು ಒಂದು ಕೆಲಸ ಮಾಡಿದರು, ನಾವು ಕಲಿಯಬೇಕಾದದ್ದು. ಕೊಟ್ಟ ದುಡ್ಡಿನಿಂದ ಏನಾಯಿತು ಎಂದು ಅಳೆದು ನೋಡಿದರು. 1970ರ ದಶಕದ ಕೊನೆಯಲ್ಲಿ ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಕೌಂಟಿಯಲ್ಲಿ ಹದಿನಾರು ಸಾವಿರಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದಕ್ಕೆ ಬಲು ವಿಸ್ತಾರವಾದ ತರಬೇತಿ, ಇನ್ನೊಂದಕ್ಕೆ ಲೈಸೆನ್ಸಿಗೆ ಬೇಕಾದಷ್ಟು, ಮೂರನೆಯದಕ್ಕೆ ಏನೂ ಇಲ್ಲ. ಚೆನ್ನಾಗಿ ಕಲಿತವರು ಮೊದಲ ಕೆಲವು ತಿಂಗಳು ಸ್ವಲ್ಪ ಕಡಿಮೆ ಅಪಘಾತ ಮಾಡಿದರು. ಆಮೇಲೆ ಮೂರು ಗುಂಪಿನ ನಡುವಿನ ಅಂತರ ಮಾಸಿಹೋಯಿತು. ಇನ್ನೂ ಒಂದು ಸಂಗತಿ: ತರಬೇತಿ ಪಡೆದವರು ಬೇಗ ಲೈಸೆನ್ಸು ತೆಗೆದರು. ಅಂದರೆ ಚಿಕ್ಕ ವಯಸ್ಸಿನಲ್ಲೇ ಹೆಚ್ಚು ಜನ ರಸ್ತೆಗೆ ಇಳಿದರು. ಈ ಫಲಿತಾಂಶ ಬಂದ ಮೇಲೆ ದುಡ್ಡು ಕೊಡುವವರ ಉತ್ಸಾಹ ಇಳಿಯಿತು. ಶಾಲೆಗಳು ಒಂದೊಂದಾಗಿ ಆ ಕೋರ್ಸು ಬಿಟ್ಟವು, ಹೊರಗಿನ ಖಾಸಗಿ ಸ್ಕೂಲಿನವರು ಫೀಸು ತೆಗೆದುಕೊಂಡು ಆ ಜಾಗ ತುಂಬಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಜಾರ್ಜಿಯಾದಲ್ಲಿ 2003ರಲ್ಲಿ ಜೋಶುವಾ ಬ್ರೌನ್ ಎಂಬ ಹದಿನೇಳರ ಹುಡುಗ ಅಪಘಾತದಲ್ಲಿ ತೀರಿಕೊಂಡ. ಅವನ ತಂದೆ ತಾಯಿ ಪಟ್ಟು ಹಿಡಿದರು. ಅವನ ಹೆಸರಿನ ಕಾಯ್ದೆ 2007ರ ಜನವರಿ 1ರಿಂದ ಜಾರಿಗೆ ಬಂತು. ಹದಿನಾರಕ್ಕೆ ಲೈಸೆನ್ಸು ಬೇಕೆಂದರೆ 30 ಗಂಟೆ ಪಾಠ, 6 ಗಂಟೆ ತರಬೇತುದಾರರ ಜೊತೆ ಚಾಲನೆ, ಮೇಲೆ ದೊಡ್ಡವರ ಜೊತೆ 40 ಗಂಟೆ ಓಡಿಸಿದ ಅಭ್ಯಾಸ, ಅದರಲ್ಲಿ ಆರು ಗಂಟೆ ರಾತ್ರಿ ಹೊತ್ತು. ಫೀಸು ಕಟ್ಟಲಾಗದ ಮನೆಯ ಮಕ್ಕಳಿಗೆಂದು ಅನುದಾನ ಇಟ್ಟರು. ಅದಕ್ಕೆ ದುಡ್ಡು ಎಲ್ಲಿಂದ? ಟ್ರಾಫಿಕ್ ದಂಡದ ಮೇಲೆ ಒಂದು ಸಣ್ಣ ಹೆಚ್ಚುವರಿ. ಮೊದಲಿಗೆ ಶೇ. 5, ಆಮೇಲೆ ಶೇ. 1.5ಕ್ಕೆ ಇಳಿಸಿದರು. ತಪ್ಪು ಓಡಿಸಿದವನ ದಂಡದಿಂದ ಇನ್ನೊಬ್ಬ ಸರಿ ಓಡಿಸಲು ಕಲಿಯುವುದು ಕೇಳಲಿಕ್ಕೆ ಎಷ್ಟು ಚೆಂದ! ಆದರೆ ವರ್ಷಗಟ್ಟಲೆ ಆ ದುಡ್ಡಿನ ಬಹುಪಾಲು ರಾಜ್ಯದ ಸಾಮಾನ್ಯ ಬೊಕ್ಕಸಕ್ಕೆ ಹೋಯಿತು, ಡ್ರೈವಿಂಗ್ ಕಲಿಯುವ ಮಕ್ಕಳಿಗೆ ತಲುಪಿದ್ದು ಚೂರು. ಸೆಸ್ಸು ಹಾಕುವಾಗ ಒಂದು ಹೆಸರು, ಖರ್ಚು ಮಾಡುವಾಗ ಇನ್ನೊಂದು. ಇದು ನಮಗೆ ಹೊಸದಲ್ಲ, ಅಲ್ಲಿಯೂ ಹಾಗೇ ಅಂತ ತಿಳಿದು ನನಗೆ ಒಂದು ಥರದ ನೆಮ್ಮದಿಯೇ ಆಯಿತು.

ನಮ್ಮಲ್ಲೂ ಆ ಮೂಲ ಬತ್ತಿಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲು ನಿಂತು ಕಟ್ಟಿದರು. ಕೆಲವೇ ದಿನದಲ್ಲಿ ನೂರು ಕೋಟಿ ದಾಟಿತು. ಅದರಲ್ಲಿ ಹತ್ತರಲ್ಲೊಂದು ಪಾಲು, ಹತ್ತು ಕೋಟಿ ಎಂದಿಟ್ಟುಕೊಳ್ಳಿ. ಏಳು ಸಾವಿರದಂತೆ ಹದಿನಾಲ್ಕು ಸಾವಿರ ಮಕ್ಕಳು ಕಾರು ಕಲಿಯುತ್ತಿದ್ದರು. ಬೀಗ ಹಾಕಿದ ಡಬ್ಬಿ ಬೇಕು ಅಷ್ಟೇ, ಜಾರ್ಜಿಯಾದಂತೆ ತೂತು ಡಬ್ಬಿ ಅಲ್ಲ.

ಫ್ರಾನ್ಸಿನವರ ದಾರಿ ಬೇರೆ. ಅಲ್ಲಿ ಕಾರಿನ ಲೈಸೆನ್ಸಿಗೆ ಕಡ್ಡಾಯ 20 ಗಂಟೆ ಓಡಿಸಬೇಕು. ಖರ್ಚು ಸಾವಿರ ಯೂರೋ ದಾಟುತ್ತದೆ. 2005ರಲ್ಲಿ ‘ದಿನಕ್ಕೊಂದು ಯೂರೋ’ ಎಂಬ ಯೋಜನೆ ತಂದರು. ಹದಿನೈದರಿಂದ ಇಪ್ಪತ್ತೈದರ ಒಳಗಿನವರಿಗೆ ಬ್ಯಾಂಕು ಸಾಲ ಕೊಡುತ್ತದೆ, ಬಡ್ಡಿ ಸರ್ಕಾರ ಕಟ್ಟುತ್ತದೆ, ಹುಡುಗ ತಿಂಗಳಿಗೆ ಮೂವತ್ತು ಯೂರೋ ತೀರಿಸುತ್ತಾನೆ. ಆದರೆ ಬ್ಯಾಂಕು ಬ್ಯಾಂಕೇ. ಜಾಮೀನು ಕೇಳಿತು. ಅಪ್ಪ ಅಮ್ಮನಿಗೇ ಗಟ್ಟಿ ಆದಾಯವಿಲ್ಲದ ಮಕ್ಕಳು, ಯಾರಿಗಾಗಿ ಯೋಜನೆ ಮಾಡಿದರೋ ಅವರೇ, ಹೊರಗುಳಿದರು. ಅದಕ್ಕೆ ಮುಂದೆ ಬೇರೆ ಬಾಗಿಲುಗಳನ್ನು ತೆರೆಯಬೇಕಾಯಿತು. 2019ರಿಂದ ಕಸುಬು ಕಲಿಯುವ ಅಪ್ರೆಂಟಿಸ್‌ಗಳಿಗೆ 500 ಯೂರೋ ನೇರವಾಗಿ ಕೊಡತೊಡಗಿದರು. ಕೆಲವು ಪಟ್ಟಣಗಳ ಪುರಸಭೆಗಳು ಇನ್ನೂ ಒಂದು ಹೆಜ್ಜೆ ಹೋದವು: ‘ಊರಿನ ಕೆಲಸದಲ್ಲಿ ಇಷ್ಟು ಗಂಟೆ ಕೈ ಹಚ್ಚು, ನಿನ್ನ ಡ್ರೈವಿಂಗ್ ಫೀಸಿನ ಒಂದು ಪಾಲು ನಾವು ಕಟ್ಟುತ್ತೇವೆ.’ ಈ ಕೊನೆಯದನ್ನು ಓದಿದಾಗ ನನಗೆ ನಮ್ಮ ದತ್ತಿಯ ಹಿರಿಯರು ನೆನಪಾದರು. ದುಡಿಮೆ ಕೊಟ್ಟು ಕಲಿಯುವುದೇ, ಆದರೆ ಆರು ವರ್ಷ ಲಾರಿ ಕೆಳಗಲ್ಲ, ಲೆಕ್ಕವಿರುವ ಇಷ್ಟು ಗಂಟೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಸೀಟು ಉಚಿತ. ಡ್ರೈವರ್ ಸೀಟು ಯಾವಾಗ? ದೆಹಲಿ ಸರ್ಕಾರ 2022ರಲ್ಲಿ ಟ್ಯಾಕ್ಸಿ ಓಡಿಸಲು ಕಲಿಯುವ ಮಹಿಳೆಯರ ಫೀಸಿನ ಅರ್ಧವನ್ನು, ಸುಮಾರು 4,800 ರೂಪಾಯಿಯನ್ನು, ತಾನು ಕೊಡುತ್ತೇನೆ ಎಂದಿತು. ಅದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು. ಬಸ್ ಡ್ರೈವರ್ ಆಗುವ ಮಹಿಳೆಯರಿಗೆ ಕನಿಷ್ಠ ಎತ್ತರ 159 ಸೆಂಟಿಮೀಟರ್ ಇದ್ದದ್ದನ್ನು 153ಕ್ಕೆ ಇಳಿಸಿದರು, ಮೂರು ವರ್ಷದ ಅನುಭವ ಬೇಕೆನ್ನುತ್ತಿದ್ದದ್ದನ್ನು ಒಂದು ತಿಂಗಳಿಗೆ ತಂದರು. ಅನುದಾನ ಅಂದರೆ ದುಡ್ಡು ಮಾತ್ರ ಅಂದುಕೊಳ್ಳುವವರು ಇದನ್ನು ಗಮನಿಸಬೇಕು. ಹೆಣ್ಣುಮಗಳೊಬ್ಬಳು ಹೆವಿ ಗಾಡಿಯಲ್ಲಿ ಮೂರು ವರ್ಷದ ಅನುಭವ ಎಲ್ಲಿಂದ ತರಬೇಕಿತ್ತು? ಕ್ಲೀನರ್ ಆಗಿ ಹತ್ತುವ ದಾರಿ ಅವಳಿಗೆ ಯಾವತ್ತೂ ತೆರೆದಿರಲಿಲ್ಲ.

‘ಸಾರ್, ಜನರನ್ನು ಹೀಗೆ ದುಡ್ಡು ಕೊಟ್ಟು ರಸ್ತೆಗೆ ಇಳಿಸಿದರೆ ಅಪಘಾತ ಇನ್ನೂ ಹೆಚ್ಚುವುದಿಲ್ಲವೇ’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹದಿನೆಂಟರಿಂದ ನಲವತ್ತೈದರ ಒಳಗಿನವರು. ಡಿಕಾಲ್ಬಿನ ಪಾಠವೂ ಅದೇ: ಕಾರ್ಡನ್ನು ಬೇಗ ಕೈಗೆ ಕೊಡಿಸುವ ಅನುದಾನ ಅಪಾಯವನ್ನೂ ಬೇಗ ಕೊಡಿಸುತ್ತದೆ. ಅದಕ್ಕೇ ನಾನು ಹೇಳುವುದು, ಲೈಸೆನ್ಸಿಗೆ ದುಡ್ಡು ಬೇಡ. ಓಡಿಸಿದ ಗಂಟೆಗೆ ಕೊಡಿ. ಏಳು ಸಾವಿರವನ್ನು ಹತ್ತು ಗಂಟೆಗೆ ಹಂಚಿದರೆ ಗಂಟೆಗೆ ಏಳುನೂರು. ಹುಡುಗಿಯೊಬ್ಬಳು ಒಂದು ಗಂಟೆ ಸ್ಟೇರಿಂಗ್ ಹಿಡಿದದ್ದು ಖಾತ್ರಿಯಾದರೆ ಏಳುನೂರು ಸ್ಕೂಲಿಗೆ, ಆಗದಿದ್ದರೆ ಇಲ್ಲ. ಹತ್ತು ಗಂಟೆ ಸಾಲದಿದ್ದರೆ ಹದಿನೈದಕ್ಕೆ ಕೊಡಿ, ಅದರಲ್ಲಿ ಎರಡು ರಾತ್ರಿ ಹೊತ್ತು ಇರಲಿ, ಒಂದು ಮಳೆಯಲ್ಲಿ. ಮಳೆಗಾಲ ಕಾಯಬೇಕಾದರೆ ಕಾಯಲಿ. ಮಳೆಯಲ್ಲಿ ಬ್ರೇಕ್ ಹಿಡಿದು ನೋಡದೆ ಲೈಸೆನ್ಸ್ ಪಡೆದವರ ದೇಶ ನಮ್ಮದು.

ಇದಕ್ಕೆ ಹೊಸ ಆ್ಯಪ್ ಬೇಕು, ಪೋರ್ಟಲ್ ಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೊಂದು ಪುಸ್ತಕ ನಿಯಮದಲ್ಲೇ ಇದೆ. ಹೆಸರು ಫಾರಂ 15. ಪ್ರತಿ ಡ್ರೈವಿಂಗ್ ಸ್ಕೂಲೂ ಇಡಬೇಕು. ತಾರೀಕು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಓಡಿಸಿದರು, ಯಾವ ವಾಹನ, ಕಲಿಸಿದವರ ಸಹಿ, ಕಲಿತವರ ಸಹಿ. ತಪಾಸಣೆಗೆ ಹೋದಾಗ ಆ ಪುಸ್ತಕ ತೆರೆದರೆ ತಿಂಗಳ ಎಲ್ಲ ಸಹಿಗಳೂ ಒಂದೇ ಪೆನ್ನಿನ ಒಂದೇ ನೀಲಿಯಲ್ಲಿ ಇರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ನನ್ನ ಸರ್ವಿಸಿನ ಕೊನೆಯ ವರ್ಷ ಒಬ್ಬ ಹೆಣ್ಣುಮಗಳು ಹೆವಿ ಟೆಸ್ಟಿಗೆ ಬಂದಳು. ಗಂಡ ತೀರಿಕೊಂಡಿದ್ದ, ಹಾಲಿನ ಟ್ಯಾಂಕರ್ ಓಡಿಸುವ ಕೆಲಸ ಸಿಗುವ ಹಾಗಿದೆ ಎಂದಳು. ಫೀಸಿಗೆ ಓಲೆ ಅಡವಿಟ್ಟಿದ್ದಳಂತೆ. ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಎತ್ತು ಎಂದೆ. ಗಾಡಿ ಹಿಂದಕ್ಕೆ ಜಾರಿತು. ಎರಡನೇ ಸಲವೂ ಜಾರಿತು. ಇಳಿಸಿದೆ.

ಅವಳು ಅಳಲಿಲ್ಲ. ಚೀಲದಿಂದ ಮಗುವಿನದೊಂದು ಹಳೇ ಕಾಪಿ ಪುಸ್ತಕ ತೆಗೆದಳು. ಹಿಂದಿನ ಹಾಳೆಗಳಲ್ಲಿ ಸ್ಕೂಲಿಗೆ ಹೋದ ಪ್ರತಿ ದಿನದ ಲೆಕ್ಕ ಬರೆದಿಟ್ಟಿದ್ದಳು. ‘ಸೋಮವಾರ, 8 ನಿಮಿಷ. ಮಂಗಳವಾರ, ಗಾಡಿ ಇಲ್ಲ. ಬುಧವಾರ, 11 ನಿಮಿಷ.’ ಕೆಳಗೆ ಕೂಡಿಸಿದ ಮೊತ್ತ, ಮೂರು ಗಂಟೆ ನಲವತ್ತು ನಿಮಿಷ. ಅವಳ ಅರ್ಜಿಯ ಜೊತೆ ಇದ್ದ ಸರ್ಟಿಫಿಕೇಟಿನ ಲೆಕ್ಕಕ್ಕೆ ಹದಿನೈದು ಗಂಟೆ.

‘ಸಾರ್, ಮಿಕ್ಕಿದ್ದು ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಅದನ್ನ ಯಾರ ಹತ್ರ ಹೋಗಿ ಕೇಳ್ಲಿ?’ ಅಂದಳು.

ಹಿಂದೆ ಇನ್ನೂ ಇಪ್ಪತ್ತು ಜನ ಸಾಲಿನಲ್ಲಿ ನಿಂತಿದ್ದರು. ಫೇಲಾದವರು ಮತ್ತೆ ಬರಲು ಏಳು ದಿನ ಬಿಡಬೇಕೆಂದು ಕಾಯ್ದೆ ಹೇಳುತ್ತದೆ. ನಾನು ಅಷ್ಟನ್ನೇ ಹೇಳಿದೆ: ‘ಏಳು ದಿನ ಬಿಟ್ಟು ಬಾಮ್ಮ.’